ಪೆಟ್ಟು ತಿನ್ನುವ ಹಗ್ಗಕ್ಕೆ ಅಲಂಕಾರ: ಇಂಗ್ಲೆಂಡಿನ ಕಾಲುವೆ ದೋಣಿಗಳ ಫೆಂಡರ್‌ಗಳು

(ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಊರಿನಲ್ಲಿರುವ ನೀವೆಲ್ಲ ಒಂದಲ್ಲ ಒಂದು ದಿನ ಗ್ಯಾಸ್ ಸ್ಟ್ರೀಟ್ ಬೇಸಿನ್‌ನ ದಂಡೆಯ ಮೇಲೆ ನಡೆದಿರುತ್ತೀರಿ. ಅಲ್ಲಿ ಸಾಲಾಗಿ ನಿಂತ ಉದ್ದನೆಯ ದೋಣಿಗಳನ್ನೂ ಅವುಗಳ ಬಾಗಿಲುಗಳ ಮೇಲಿನ ಗುಲಾಬಿ, ಕೋಟೆಗಳ ಚಿತ್ರಗಳನ್ನೂ ನೋಡಿ ಫೋಟೊ ತೆಗೆದುಕೊಂಡಿರುತ್ತೀರಿ. ನಾನು ಇವತ್ತು ಮಾತನಾಡಲು ಆರಿಸಿಕೊಂಡಿರುವುದು ಆ ಫೋಟೊಗಳಲ್ಲಿ ಯಾರೂ ಗಮನಿಸದ ಒಂದು ವಸ್ತುವನ್ನು. ದೋಣಿಯ ಮೂತಿಗೆ ಸರಪಳಿಯಿಂದ ಬಿಗಿದ ಹಗ್ಗದ ದೊಡ್ಡ ಉಂಡೆ, ಪಕ್ಕಗಳಲ್ಲಿ ಇಳಿಬಿಟ್ಟ ಹಗ್ಗದ ದಿಂಡುಗಳು, ಹಿಂಭಾಗದಲ್ಲಿ ಚುಕ್ಕಾಣಿಯ ಆಚೆಗೂ ಚಾಚಿಕೊಂಡ ದಪ್ಪನೆಯ ಬಿಲ್ಲೆ. ಇವೆಲ್ಲಕ್ಕೂ ಫೆಂಡರ್ ಎಂದೇ ಹೆಸರು. ದೋಣಿ ಕಲ್ಲಿಗೋ ಮರದ ಬಾಗಿಲಿಗೋ ಇನ್ನೊಂದು ದೋಣಿಗೋ ತಾಗುವಾಗ ನಡುವೆ ನಿಂತು ಪೆಟ್ಟು ತಿನ್ನುವುದೇ ಇವುಗಳ ಕೆಲಸ.

ಪೆಟ್ಟು ತಿನ್ನಲೆಂದೇ ಹುಟ್ಟಿದ ವಸ್ತುವನ್ನು ಅಲಂಕರಿಸುವುದು ಏಕೆ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಹಗ್ಗ ಹೆಣೆಯುವುದು ನನ್ನ ಹವ್ಯಾಸ. ಅದರಲ್ಲಿ ತೊಡಗಿದಷ್ಟೂ ನನಗೆ ಗಟ್ಟಿಯಾದ ಅಭಿಪ್ರಾಯವೊಂದು ಇದು: ಫೆಂಡರ್‌ನ ಚೆಲುವು ಅದನ್ನು ಕಟ್ಟಿದ ರೀತಿಯಿಂದಲೇ ಬರಬೇಕು. ಆಮೇಲೆ ತಂದು ಸೇರಿಸಿದ ಅಲಂಕಾರಕ್ಕೂ ಜಾಗವಿದೆ, ಆದರೆ ಆ ಜಾಗ ಪೆಟ್ಟು ಬೀಳುವ ಜಾಗವಲ್ಲ. ಇದನ್ನು ಒಪ್ಪಿಕೊಂಡರೆ ಯಾವ ಫೆಂಡರ್ ಕೊಳ್ಳಬೇಕು, ಎಲ್ಲಿ ಕಟ್ಟಬೇಕು, ಯಾವ ಬಣ್ಣ ಒಪ್ಪುತ್ತದೆ ಎಂಬ ಪ್ರಶ್ನೆಗಳು ಬಹುಮಟ್ಟಿಗೆ ತಾವಾಗಿಯೇ ಬಗೆಹರಿಯುತ್ತವೆ.

ಮೊದಲು ದೋಣಿಯ ಅಳತೆ ತಿಳಿದುಕೊಳ್ಳಬೇಕು. 1760ರ ದಶಕದಲ್ಲಿ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಟ್ರೆಂಟ್ ಮತ್ತು ಮರ್ಸಿ ಕಾಲುವೆಯನ್ನು ಯೋಜಿಸಿದಾಗ ಅದರ ಲಾಕ್‌ಗಳ ಅಗಲವನ್ನು ಸುಮಾರು 7 ಅಡಿಗೆ, ಉದ್ದವನ್ನು ಸುಮಾರು 72 ಅಡಿಗೆ ನಿಲ್ಲಿಸಿದರು. ಲಾಕ್ ಎಂದರೆ ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ಕಿಂಡಿ ತೆರೆದು ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ, ನೀರು ಬಿಟ್ಟರೆ ಕೆಳಗಿಳಿಯುತ್ತದೆ. ಲಾಕ್ ಇಷ್ಟು ಕಿರಿದಾದ್ದರಿಂದ ದೋಣಿಯೂ ಕಿರಿದಾಯಿತು. ಮಧ್ಯ ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡುವ ನ್ಯಾರೋಬೋಟ್‌ಗಳ ಅಗಲ ಸಾಮಾನ್ಯವಾಗಿ 6 ಅಡಿ 10 ಅಂಗುಲ. ಗೋಡೆಗೂ ದೋಣಿಗೂ ನಡುವೆ ಎರಡೂ ಕಡೆ ಸೇರಿ ಉಳಿಯುವುದು ಕೆಲವೇ ಅಂಗುಲ. ಫೆಂಡರ್‌ನ ಕಥೆಯೆಲ್ಲ ಈ ಕೆಲವು ಅಂಗುಲಗಳಲ್ಲಿದೆ.

ಇನ್ನು ತೂಕ. 57 ಅಡಿ ಉದ್ದದ ಉಕ್ಕಿನ ದೋಣಿ ಸುಮಾರು 17 ಟನ್ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಲಾಕ್‌ನ ಬಾಗಿಲಿನತ್ತ ಬರುತ್ತಿದೆ. ಇದು ನಾವು ನೀವು ನಡೆಯುವುದಕ್ಕಿಂತ ನಿಧಾನ. ಆದರೂ ಅದರಲ್ಲಿರುವ ಚಲನಶಕ್ತಿ 8,500 ಜೂಲ್. ಉಕ್ಕಿನ ಮೂತಿ ನೇರವಾಗಿ ಬಡಿದು 1 ಸೆಂಟಿಮೀಟರಿನೊಳಗೆ ದೋಣಿ ನಿಂತುಬಿಟ್ಟರೆ, ಬಾಗಿಲಿನ ಮೇಲೆ ಬೀಳುವ ಸರಾಸರಿ ಒತ್ತಡ 80 ಟನ್ನಿಗೂ ಹೆಚ್ಚು. ನಡುವೆ ಹಗ್ಗದ ಫೆಂಡರ್ ಇದ್ದು ಅದು 5 ಸೆಂಟಿಮೀಟರ್ ಕುಗ್ಗಿದರೆ ಅದೇ ಒತ್ತಡ 17 ಟನ್ನಿನ ಆಸುಪಾಸಿಗೆ ಇಳಿಯುತ್ತದೆ. ವೇಗವನ್ನು ಅರ್ಧ ಮಾಡಿದರೆ ಶಕ್ತಿ ಕಾಲು ಭಾಗಕ್ಕೆ ಬರುತ್ತದೆ, ಆದ್ದರಿಂದ ಎಲ್ಲಕ್ಕಿಂತ ಒಳ್ಳೆಯ ಫೆಂಡರ್ ಎಂದರೆ ನಿಧಾನ. ಎರಡನೆಯದು, ಕುಗ್ಗಬಲ್ಲ ಹಗ್ಗ. ಮತ್ತು ದಯವಿಟ್ಟು ಇದೊಂದನ್ನು ನೆನಪಿಡಿ: ಬಾಡಿಗೆ ದೋಣಿ ತೆಗೆದುಕೊಂಡು ರಜೆ ಕಳೆಯಲು ಹೋದಾಗ ದೋಣಿ ಗೋಡೆಗೆ ತಾಗುತ್ತದೆ ಎಂದು ಕಾಲು ಚಾಚಿ ತಡೆಯಲು ಹೋಗಬೇಡಿ. ಮಕ್ಕಳಿಗೂ ಹತ್ತುವ ಮೊದಲೇ ಹೇಳಿ. 17 ಟನ್ನಿಗೆ ಕಾಲಿನ ಮೂಳೆ ಲೆಕ್ಕಕ್ಕಿಲ್ಲ.

ಕಾಯಿದೆಯೂ ಈ ವಿಷಯದಲ್ಲಿ ಸುಮ್ಮನಿಲ್ಲ. 1965ರ ಕಾಲುವೆ ಉಪವಿಧಿಗಳ ಪ್ರಕಾರ ಪ್ರತಿ ದೋಣಿಯಲ್ಲೂ ತಕ್ಕ ವಸ್ತುವಿನಿಂದ ಮಾಡಿದ, ಸುಸ್ಥಿತಿಯಲ್ಲಿರುವ ಫೆಂಡರ್‌ಗಳು ತಕ್ಷಣ ಬಳಸಲು ಸಿದ್ಧವಾಗಿರಬೇಕು. ಗೋಡೆ, ಬಾಗಿಲು, ಸೇತುವೆ, ಇನ್ನೊಂದು ದೋಣಿ, ಹೀಗೆ ಯಾವುದಕ್ಕೆ ಬಡಿಯುವ ಅಪಾಯವಿದ್ದರೂ ನಡೆಸುವವರು ಅವನ್ನು ಬಳಸಬೇಕು. ಸಿದ್ಧವಾಗಿರಬೇಕು ಎಂದಿದೆಯೇ ಹೊರತು ಸದಾ ಇಳಿಬಿಟ್ಟಿರಬೇಕು ಎಂದಿಲ್ಲ. ಪಕ್ಕದ ಫೆಂಡರ್‌ಗಳ ಮಾತು ಬಂದಾಗ ಈ ವ್ಯತ್ಯಾಸ ಬಹಳ ಮುಖ್ಯವಾಗುತ್ತದೆ.

ಈಗ ಮೂತಿಗೆ ಬರೋಣ. ಮೂತಿಯ ಫೆಂಡರ್ ದೋಣಿಯ ತುದಿಯ ಉಕ್ಕಿನ ಏಣಿನ ಮೇಲೆ ಕೂರುತ್ತದೆ. ಕೆಲವು ಗುಂಡಗಿರುತ್ತವೆ, ಕೆಲವು ಏಣನ್ನು ಎರಡೂ ಕಡೆಯಿಂದ ತಬ್ಬುವಂತೆ ಬಾಗಿರುತ್ತವೆ. ನನಗೆ ಬಾಗಿದ್ದೇ ಮೆಚ್ಚುಗೆ, ಏಕೆಂದರೆ ಅದು ಅತ್ತಿತ್ತ ಜಾರುವುದು ಕಡಿಮೆ. ಮೇಲಿನಿಂದ ಎರಡು ಸರಪಳಿಗಳು ಅದನ್ನು ಹಿಡಿದುಕೊಳ್ಳುತ್ತವೆ. ಕೆಳಗಿನ ಸರಪಳಿ ಅದು ಮೇಲಕ್ಕೆ ಹೊರಳದಂತೆ ನೋಡಿಕೊಳ್ಳುತ್ತದೆ. ಅಂಗಡಿಯಲ್ಲಿ ಕೊಳ್ಳುವವರು ಹಗ್ಗದ ಬಣ್ಣ ನೋಡುತ್ತಾರೆ, ದಪ್ಪ ನೋಡುತ್ತಾರೆ, ಬೆಲೆ ನೋಡುತ್ತಾರೆ. ಸರಪಳಿಯನ್ನು ನೋಡುವವರು ವಿರಳ. ನಾನು ಮೊದಲು ನೋಡುವುದು ಸರಪಳಿಯನ್ನೇ. ಅದರಲ್ಲಿ ಬೇಕೆಂದೇ ಇಟ್ಟ ಒಂದು ದುರ್ಬಲ ಕೊಂಡಿ ಇರಬೇಕು.

ಬಲವಾದ ಸರಪಳಿಗೆ ದುರ್ಬಲ ಕೊಂಡಿ ಏಕೆ? ದೋಣಿ ಲಾಕ್‌ನಲ್ಲಿ ಮೇಲೇರುತ್ತಿದೆ ಎಂದುಕೊಳ್ಳಿ. ನೀರು ತುಂಬುವಾಗಿನ ಸೆಳೆತಕ್ಕೆ ದೋಣಿ ಮುಂದಕ್ಕೆ ಹೋಗಿ ಅದರ ಮೂತಿ ಮೇಲಿನ ಬಾಗಿಲಿಗೆ ಒತ್ತಿಕೊಳ್ಳುತ್ತದೆ. ಬಾಗಿಲಿನ ಅಡ್ಡ ತೊಲೆಯ ಕೆಳಗೆ ಫೆಂಡರ್ ಸಿಕ್ಕಿಕೊಂಡಿತು ಎನ್ನಿ. ನೀರು ಏರುತ್ತಲೇ ಇರುತ್ತದೆ, ದೋಣಿಯ ಹಿಂಭಾಗ ಏರುತ್ತದೆ, ಮೂತಿ ಮಾತ್ರ ಕೆಳಗೇ ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ದೋಣಿಯ ಮುಂದಿನ ಅಂಗಳದ ಮೇಲೆ ನೀರು ಹರಿದು ಕ್ಯಾಬಿನ್ನಿನ ಬಾಗಿಲ ಸಂದಿಯಿಂದ ಒಳಗೆ ನುಗ್ಗುತ್ತದೆ. ದೋಣಿ ಮುಳುಗಲು ಹೆಚ್ಚು ಸಮಯ ಬೇಕಿಲ್ಲ. ಇಳಿಯುವಾಗಲೂ ಅಪಾಯವಿದೆ: ಫೆಂಡರ್ ಬಾಗಿಲಿನ ಯಾವುದೋ ಚಾಚಿಗೆ ಸಿಕ್ಕಿಕೊಂಡರೆ ನೀರು ಇಳಿದರೂ ಮೂತಿ ಮೇಲೆಯೇ ನೇತಾಡುತ್ತದೆ. ಇಂಥ ಹೊತ್ತಿನಲ್ಲಿ ಆ ದುರ್ಬಲ ಕೊಂಡಿ ಮುರಿಯಬೇಕು, ಫೆಂಡರ್ ಕಳಚಿಕೊಳ್ಳಬೇಕು, ದೋಣಿ ಉಳಿಯಬೇಕು. ಚೆನ್ನಾಗಿ ಕಾಣಲಿ ಎಂದು ಸರಪಳಿಗೆ ದಪ್ಪ ಹಿತ್ತಾಳೆಯ ಕೊಂಡಿಗಳನ್ನು ಹಾಕಿ, ಮೇಲೆ ಹಗ್ಗ ಸುತ್ತಿ, ಎಲ್ಲವನ್ನೂ ಅಲುಗಾಡದಂತೆ ಬಿಗಿಯುವವರನ್ನು ನೋಡಿದಾಗ ನನಗೆ ಭಯವಾಗುತ್ತದೆ. ಅಲಂಕಾರ ಅಪಾಯವಾಗುವುದು ಇಲ್ಲಿ.

ಹಿಂಭಾಗದ ಫೆಂಡರ್ ಕಾಯುವುದು ಚುಕ್ಕಾಣಿಯನ್ನೂ ಪ್ರೊಪೆಲ್ಲರನ್ನೂ. ಎಂಜಿನ್ ದೋಣಿಯ ಚುಕ್ಕಾಣಿ ಅದರ ಗುಂಡನೆಯ ಹಿಂಬದಿಯಿಂದ ಹೊರಕ್ಕೆ ಚಾಚಿರುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ದೋಣಿ ಹೇಳಿದತ್ತ ತಿರುಗುವುದಿಲ್ಲ. ಸರಕು ಸಾಗಿಸುತ್ತಿದ್ದ ಕಾಲದ ದೋಣಿಗಳಲ್ಲಿ ಮೊದಲು ಬಾಗಿದ ದಿಂಡಿನಂಥ ಫೆಂಡರ್‌ಗಳನ್ನು ಒಂದರ ಹಿಂದೆ ಒಂದು ಕೂರಿಸಿ, ಅವುಗಳ ತುದಿಗೆ ಗುಂಡು ಬಿಲ್ಲೆಯನ್ನು ಬಿಗಿಯುತ್ತಿದ್ದರು. ದಿಂಡುಗಳಿಗೆ ಟಿಪ್‌ಕ್ಯಾಟ್ ಎಂಬ ಹೆಸರಿದೆ. ಇವೆಲ್ಲ ಸೇರಿದಾಗ ಬಿಲ್ಲೆ ಚುಕ್ಕಾಣಿಗಿಂತ ಆಚೆಗಿರಬೇಕು. ಆಚೆಗಿಲ್ಲದಿದ್ದರೆ ಫೆಂಡರ್ ಇದ್ದೂ ಇಲ್ಲದಂತೆ. ಕೊಳ್ಳುವ ಮೊದಲು ಚುಕ್ಕಾಣಿಯನ್ನು ನೇರ ಮಾಡಿ ಅಳೆದುಕೊಳ್ಳಿ. ಹಾಗೆಯೇ ಮುಂದಿನ, ಹಿಂದಿನ ಫೆಂಡರ್‌ಗಳು ದೋಣಿಯ ಉದ್ದವನ್ನು ಹೆಚ್ಚಿಸುತ್ತವೆ ಎಂಬುದನ್ನು ಮರೆಯಬೇಡಿ. ಯಾರ್ಕ್‌ಶೈರಿನ ಕಾಲ್ಡರ್ ಮತ್ತು ಹೆಬಲ್ ಜಲಮಾರ್ಗದ ಲಾಕ್‌ಗಳು ಸುಮಾರು 57 ಅಡಿ ಉದ್ದದವು. ಅಲ್ಲಿ 57 ಅಡಿಯ ದೋಣಿ ಒಳಗೆ ಸೇರಬೇಕಾದರೆ ಫೆಂಡರ್‌ಗಳನ್ನು ಮೇಲಕ್ಕೆತ್ತಿ ಕಟ್ಟಲೇಬೇಕು. ಆದ್ದರಿಂದ ಎಷ್ಟೇ ಸೊಗಸಾಗಿದ್ದರೂ ಸುಲಭವಾಗಿ ಎತ್ತಲು ಬಾರದ ಫೆಂಡರ್ ಬೇಡ.

ಪಕ್ಕದ ಫೆಂಡರ್‌ಗಳು ದೋಣಿ ನಿಂತಾಗ ಕೆಲಸಕ್ಕೆ ಬರುವಂಥವು. ಚಲಿಸುವಾಗ ಅವು ಮೇಲಿರಬೇಕು. ಕಿರಿದಾದ ಲಾಕ್‌ನಲ್ಲಿ ಅವನ್ನು ಇಳಿಬಿಟ್ಟುಕೊಂಡು ಹೋದರೆ ಗೋಡೆಗೂ ದೋಣಿಗೂ ನಡುವೆ ಬೆಣೆಯಾಗಿ ದೋಣಿ ಸಿಕ್ಕಿಕೊಳ್ಳುತ್ತದೆ. ಲ್ಯಾಂಗೊಲೆನ್ ಕಾಲುವೆಯ ಹರ್ಲ್‌ಸ್ಟನ್ ಲಾಕ್‌ಗಳಲ್ಲಿ ತೀರಾ ಕೆಳಗಿನದರ ಗೋಡೆಗಳು ಕಾಲಕ್ರಮದಲ್ಲಿ ಒಳಕ್ಕೆ ಉಬ್ಬಿ, ತುಸು ಹೆಚ್ಚು ಅಗಲವಿದ್ದ ಹಳೆಯ ನ್ಯಾರೋಬೋಟ್‌ಗಳಿಗೆ ಅಲ್ಲಿ ದಾಟುವುದೇ ಕಷ್ಟವಾಗಿ, ಕೊನೆಗೆ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅಂಗುಲಗಳ ಬೆಲೆ ಅಷ್ಟು. ನಮ್ಮ ಹತ್ತಿರದ ಟಾರ್ಡೆಬಿಗ್‌ನಲ್ಲಿ 30 ಲಾಕ್‌ಗಳು ಒಂದರ ಹಿಂದೆ ಒಂದು ಇವೆ. ಫೆಂಡರ್ ಎತ್ತುವುದನ್ನು ಮರೆತು ಆ ಸಾಲಿಗೆ ಇಳಿಯುವುದು ಬೇಡ. ಎತ್ತಿದ ಫೆಂಡರನ್ನು ಚಾವಣಿಯ ಮೇಲೆ ಎಸೆದು ಬಿಡುವುದಕ್ಕಿಂತ ಕಳಚಿ ಇಡುವುದು ಮೇಲು, ಏಕೆಂದರೆ ಅದು ಉರುಳಿ ನೀರಿಗೆ ಬಿದ್ದರೆ ಹಿಂದೆ ಬರುವವರ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ.

ಇಳಿಬಿಡುವ ಎತ್ತರವನ್ನು ದಂಡೆ ನೋಡಿ ನಿರ್ಧರಿಸಬೇಕು. ಕಲ್ಲಿನ ದಂಡೆಯಾದರೆ ಕಲ್ಲಿನ ಅಂಚು ಫೆಂಡರ್‌ನ ನಡುಭಾಗಕ್ಕೆ ತಾಗಬೇಕು. ಉಕ್ಕಿನ ಹಲಗೆ ಬಡಿದ ತಗ್ಗು ದಂಡೆಯಾದರೆ ಇನ್ನೂ ಕೆಳಗೆ, ನೀರಿನ ಮಟ್ಟಕ್ಕೆ. ಸಮುದ್ರದ ಮೋಜಿನ ದೋಣಿಗಳಿಗೆಂದು ಮಾಡಿದ ಗಾಳಿ ತುಂಬಿದ ಬಿಳಿ ಪ್ಲಾಸ್ಟಿಕ್ ಫೆಂಡರ್‌ಗಳು ಇಲ್ಲಿ ಸೋಲುತ್ತವೆ. ಅವು ಹಗುರ, ನೀರಿನ ಮಟ್ಟಕ್ಕೆ ಇಳಿದರೆ ತೇಲಿ ಮೇಲಕ್ಕೆ ಬರುತ್ತವೆ. ದುಂಡಗಿರುವುದರಿಂದ ದಂಡೆಯ ಅಂಚಿನಿಂದ ಉರುಳಿ ಹೊರಬರುತ್ತವೆ. ಒರಟು ಕಲ್ಲಿಗೆ ಉಜ್ಜಿ ಒಡೆಯುತ್ತವೆ. ನೆನೆದ ಹಗ್ಗದ ದಿಂಡು ತನ್ನ ಭಾರಕ್ಕೇ ಇದ್ದಲ್ಲಿ ನಿಲ್ಲುತ್ತದೆ.

ಹಗ್ಗ ಯಾವುದು ಎಂಬುದು ಮುಂದಿನ ಪ್ರಶ್ನೆ, ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹಳೆಯ ಕಾಲದಲ್ಲಿ ಫೆಂಡರ್‌ನ ಹೊಟ್ಟೆಯೊಳಗೆ ಹೋಗುತ್ತಿದ್ದುದು ಸವೆದು ಹೋದ ಹಗ್ಗ. ಕುದುರೆ ಎಳೆಯುವ ದೋಣಿಗಳಿಗೆ ಹತ್ತಿಯ ಉದ್ದನೆಯ ಹಗ್ಗ ಬೇಕಾಗಿತ್ತು. ಆ ಹಗ್ಗ ಮಣ್ಣು, ಮರಳು ಮೆತ್ತಿಕೊಂಡು ಸೇತುವೆಯ ಮೂಲೆಗಳಿಗೆ ಉಜ್ಜುತ್ತಿತ್ತು. ಕಲ್ಲು ಸವೆಯದಿರಲೆಂದು ಹಾಕಿದ ಕಬ್ಬಿಣದ ಪಟ್ಟಿಗಳ ಮೇಲೂ ಬೆರಳು ಹೂತುಹೋಗುವಷ್ಟು ಆಳದ ಗೀರುಗಳು ಇಂದಿಗೂ ಕಾಣುತ್ತವೆ. ಕಬ್ಬಿಣವನ್ನೇ ಹಾಗೆ ಕೊರೆದ ಮೇಲೆ ಹಗ್ಗದ ಗತಿಯನ್ನು ಹೇಳಬೇಕಿಲ್ಲ. ಎಳೆಯಲು ಬಾರದ ಹಗ್ಗ ತುಂಡಾಗಿ ಫೆಂಡರ್‌ನ ಒಳಗನ್ನು ಸೇರುತ್ತಿತ್ತು. ಏನನ್ನೂ ಎಸೆಯದವರ ಬದುಕು ಅದು.

ಹೊರಗಿನ ಹೊದಿಕೆಗೆ ಇಂದು ಹೆಚ್ಚಾಗಿ ಕಾಣುವುದು ಕಪ್ಪು ಪಾಲಿಪ್ರೊಪಿಲೀನ್. ಅದು ಕೊಳೆಯುವುದಿಲ್ಲ, ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಬಿಸಿಲಿಗೆ ವರ್ಷಗಟ್ಟಲೆ ಸಿಕ್ಕಿದರೆ ಅದರ ಎಳೆಗಳು ಪುಡಿಪುಡಿಯಾಗಿ ನೀರಿಗೆ ಉದುರುತ್ತವೆ. ಬಾತುಕೋಳಿಗಳು ಮೇಯುವ ನೀರಿಗೆ ಪ್ಲಾಸ್ಟಿಕ್ ಚೂರುಗಳನ್ನು ಉದುರಿಸುವುದು ನನಗೆ ಒಪ್ಪಿಗೆಯಿಲ್ಲ. ಹತ್ತಿ ಮೃದು, ಬೆಳ್ಳಗೆ, ಗಂಟು ಅದರಲ್ಲಿ ಬಲು ಚೆನ್ನಾಗಿ ಕೂರುತ್ತದೆ. ಆದರೆ ಸದಾ ನೆನೆದಿದ್ದರೆ ಬೂಸ್ಟು ಹಿಡಿದು ಕೊಳೆಯುತ್ತದೆ. ಮನಿಲಾ ಹಗ್ಗ ಫಿಲಿಪ್ಪೀನ್ಸ್‌ನ ಅಬಾಕಾ ಎಂಬ ಬಾಳೆಯ ಜಾತಿಯ ಗಿಡದ ನಾರಿನದು, ಗಟ್ಟಿ. ನನ್ನ ಮೊದಲ ಆಯ್ಕೆ ಮಾತ್ರ ತೆಂಗಿನ ನಾರು. ಅದು ಎಳೆದರೆ ಹಿಗ್ಗುತ್ತದೆ, ಒತ್ತಿದರೆ ಕುಗ್ಗಿ ಮತ್ತೆ ಉಬ್ಬುತ್ತದೆ, ಬೇರೆ ನಾರುಗಳಿಗಿಂತ ನೀರನ್ನು ಹೆಚ್ಚು ಕಾಲ ತಡೆದುಕೊಳ್ಳುತ್ತದೆ. ಫೆಂಡರಿಗೆ ಬೇಕಾದ ಗುಣಗಳೆಲ್ಲ ಇವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮಲಬಾರ್ ತೀರದಿಂದಲೂ ಸಿಲೋನಿನಿಂದಲೂ ತೆಂಗಿನ ನಾರು ಬ್ರಿಟನ್ನಿಗೆ ಹಡಗುಗಟ್ಟಲೆ ಬರುತ್ತಿತ್ತು. ತಿಪಟೂರು, ಅರಸೀಕೆರೆ ಕಡೆಯಿಂದ ಬಂದವರು ಈ ಸಭೆಯಲ್ಲಿ ಇದ್ದೀರಿ. ನೀವು ಈ ಹಗ್ಗವನ್ನು ಕೈಗೆ ತೆಗೆದುಕೊಂಡರೆ ಹುರಿ ಬಿಗಿಯಾಗಿದೆಯೇ ಸಡಿಲವಾಗಿದೆಯೇ ಎಂದು ನನಗಿಂತ ಬೇಗ ಹೇಳಬಲ್ಲಿರಿ. ಸಡಿಲ ಹುರಿಯದ್ದು ಕೊಳ್ಳಬೇಡಿ, ಗಂಟು ಬಿಗಿಯುವಾಗ ಎಳೆ ಕಿತ್ತು ಬರುತ್ತದೆ.

ಫೆಂಡರ್ ಕಟ್ಟುವ ಕ್ರಮ ಹೀಗೆ. ನಡುವೆ ಸರಪಳಿಯನ್ನೋ ಗಟ್ಟಿ ಹಗ್ಗದ ಕುಣಿಕೆಯನ್ನೋ ಇಟ್ಟು, ಅದರ ಸುತ್ತ ಹಳೆಯ ಹಗ್ಗದ ತುಂಡುಗಳನ್ನು ಕಟ್ಟಾಗಿ ಬಿಗಿದು, ಬೇಕಾದ ಆಕಾರ ಬರುವವರೆಗೆ ಸುತ್ತುತ್ತಾರೆ. ಆಮೇಲೆ ಹೊದಿಕೆ. ಒಂದು ತುದಿಯಲ್ಲಿ ಹಗ್ಗದ ಬಳೆ ಹಾಕಿ, ಅದಕ್ಕೆ ಸಾಲಾಗಿ ಕುಣಿಕೆಗಳನ್ನು ಹಾಕುತ್ತಾ ಹೋಗುವುದು. ಮುಂದಿನ ಸುತ್ತಿನ ಪ್ರತಿ ಕುಣಿಕೆಯೂ ಹಿಂದಿನ ಸುತ್ತಿನ ಕುಣಿಕೆಯೊಳಗೆ ತೂರಬೇಕು. ದಾರದಲ್ಲಿ ಮಲ್ಲಿಗೆ ಕಟ್ಟಿದವರ ಬೆರಳುಗಳಿಗೆ ಈ ಚಲನೆ ಬೇಗ ಹಿಡಿಯುತ್ತದೆ. ಕುಣಿಕೆ ಹಾಕುವುದು, ಎಳೆಯುವುದು, ಪಕ್ಕಕ್ಕೆ ಒತ್ತುವುದು. ದಪ್ಪ ಹೆಚ್ಚುವಲ್ಲಿ ಒಂದೇ ಕುಣಿಕೆಯೊಳಗೆ ಎರಡು ಸಲ ತೂರಬೇಕು, ತೆಳುವಾಗುವಲ್ಲಿ ಒಂದನ್ನು ಬಿಟ್ಟು ಹೋಗಬೇಕು. ತೂರಲು ಮರದ ಮೊನೆಗೂಟ ಬೇಕು, ಕೂರಿಸಲು ಮರದ ಸುತ್ತಿಗೆ ಬೇಕು, ಎಳೆಯಲು ಭುಜ ಬೇಕು. ಪ್ರತಿ ಕುಣಿಕೆಯನ್ನೂ ಒಂದೇ ಬಲದಿಂದ ಎಳೆಯುವುದರಲ್ಲಿ ಇಡೀ ವಿದ್ಯೆ ಅಡಗಿದೆ. ಎಳೆತ ಒಂದೇ ಆಗಿದ್ದರೆ ಸುತ್ತುಗಳು ಓರೆಯಾಗಿ ಮೇಲೇರುವ ಸಾಲುಗಳಾಗಿ ಕಾಣುತ್ತವೆ. ಎಳೆತ ತಪ್ಪಿದ ಕಡೆ ಹೊದಿಕೆ ಬಾಯಿ ಬಿಡುತ್ತದೆ, ಅಲ್ಲಿಂದಲೇ ಹರಿಯುತ್ತದೆ. ನಾನು ಹೇಳಿದ ಚೆಲುವು ಇದು. ಗಟ್ಟಿತನವೂ ಸೊಗಸೂ ಒಂದೇ ಎಳೆತದಿಂದ ಹುಟ್ಟುತ್ತವೆ. ಅಂಗಡಿಯಲ್ಲಿ ಫೆಂಡರ್ ಆರಿಸುವಾಗ ಸಾಲುಗಳನ್ನು ಕಣ್ಣಿನಿಂದ ಹಿಂಬಾಲಿಸಿ, ಆಮೇಲೆ ಎರಡೂ ಹೆಬ್ಬೆರಳುಗಳಿಂದ ಒತ್ತಿ ನೋಡಿ. ಸ್ವಲ್ಪ ಕುಗ್ಗಬೇಕು, ಕೈ ತೆಗೆದಾಗ ಹಿಂದಕ್ಕೆ ಬರಬೇಕು. ಕಲ್ಲಿನಂತಿದ್ದರೂ ಬೇಡ, ಮೆತ್ತಗೆ ಒಳಗೆ ಹೋದರೂ ಬೇಡ.

ಇನ್ನು ಹೊರಗಿನ ಅಲಂಕಾರ. ಇದಕ್ಕೆ ದೋಣಿಯ ಮೇಲೆ ಬದುಕಿದ ಜನರನ್ನು ನೆನೆಯಬೇಕು. 1840ರ ಹೊತ್ತಿಗೆ ರೈಲು ಸರಕನ್ನು ಕಸಿದುಕೊಳ್ಳತೊಡಗಿದಾಗ ಕಾಲುವೆಯ ಸಾಗಣೆ ದರಗಳು ಇಳಿದವು. ದಂಡೆಯ ಮೇಲೆ ಮನೆಯನ್ನೂ ಇಟ್ಟುಕೊಂಡು ದೋಣಿಗೆ ಕೂಲಿಯಾಳನ್ನೂ ಇಟ್ಟುಕೊಳ್ಳಲಾಗದ ಅನೇಕರು ಹೆಂಡತಿ ಮಕ್ಕಳೊಂದಿಗೆ ದೋಣಿಗೇ ಬಂದರು. ಸುಮಾರು 10 ಅಡಿ ಉದ್ದ, 7 ಅಡಿಗೂ ಕಡಿಮೆ ಅಗಲದ ಕ್ಯಾಬಿನ್ನಿನಲ್ಲಿ ಅಡುಗೆ, ನಿದ್ದೆ, ಹೆರಿಗೆ, ಎಲ್ಲವೂ. ಅವರ ಸ್ಥಿತಿಗತಿಯ ಬಗ್ಗೆ ಜಾರ್ಜ್ ಸ್ಮಿತ್ ಎಂಬವರು ನಡೆಸಿದ ಹೋರಾಟದ ಫಲವಾಗಿ 1877ರಲ್ಲಿಯೂ 1884ರಲ್ಲಿಯೂ ಕಾಲುವೆ ದೋಣಿಗಳ ಕಾಯಿದೆಗಳು ಬಂದವು. ಕ್ಯಾಬಿನ್ನಿನ ಮೇಲೆ ಬಣ್ಣದ ಕೋಟೆ, ಹೂಗಳ ಚಿತ್ರಗಳಿದ್ದುದನ್ನು 1858ರ ಒಂದು ಪತ್ರಿಕಾ ಲೇಖನ ಆಗಲೇ ವಿವರಿಸಿದೆ. ಬಣ್ಣದ ಕೆಲಸ ಹೆಚ್ಚಾಗಿ ದೋಣಿ ಕಟ್ಟುವ ಅಂಗಳಗಳ ಚಿತ್ರಗಾರರದ್ದು. ಬ್ರೌನ್‌ಸ್ಟನ್ನಿನ ಫ್ರ್ಯಾಂಕ್ ನರ್ಸರ್ ಅವರ ಗುಲಾಬಿಗಳನ್ನು ಇಂದಿಗೂ ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಹಗ್ಗ ಮಾತ್ರ ದೋಣಿಯವರ ಕೈಯಲ್ಲೇ ಇತ್ತು. ಕುದುರೆಯ ಕಿವಿಗೆ ನೊಣ ಕೂರದಂತೆ ಹೆಂಗಸರು ದಾರದ ಟೊಪ್ಪಿಗೆ ಹೆಣೆಯುತ್ತಿದ್ದರು, ಹತ್ತಿಯ ಬಿಳಿ ಹಗ್ಗದ ಅಲಂಕಾರಗಳನ್ನು ತಿಕ್ಕಿ ತಿಕ್ಕಿ ಬೆಳ್ಳಗಿಡುತ್ತಿದ್ದರು. ಕಲ್ಲಿದ್ದಲು ಸಾಗಿಸುವ ದೋಣಿಯಲ್ಲಿ ಬಿಳಿಯನ್ನು ಬಿಳಿಯಾಗಿಯೇ ಉಳಿಸುವುದು ಎಂಥ ಶ್ರಮ, ಎಂಥ ಸ್ವಾಭಿಮಾನ!

ಆ ಬಿಳಿಯ ಅಲಂಕಾರವನ್ನು ಅವರು ಎಲ್ಲಿ ಹಾಕುತ್ತಿದ್ದರು ಎಂಬುದನ್ನು ಗಮನಿಸಿ. ಎಂಜಿನ್ ದೋಣಿಯ ಹಿಂದೆ ಎಳೆದುಕೊಂಡು ಹೋಗುವ, ಎಂಜಿನ್ ಇಲ್ಲದ ಜೋಡಿ ದೋಣಿಗೆ ಬಟ್ಟಿ ಎನ್ನುತ್ತಾರೆ. ಅದರ ಚುಕ್ಕಾಣಿ ದೊಡ್ಡ ಮರದ್ದು. ಅದರ ತಲೆಯ ಸುತ್ತ ಟರ್ಕ್ಸ್ ಹೆಡ್ ಎಂಬ ಬಳೆಯಾಕಾರದ ಹೆಣಿಗೆ ಗಂಟುಗಳನ್ನು ಒಂದರ ಮೇಲೆ ಒಂದು ತೊಡಿಸುತ್ತಿದ್ದರು. ಅಲ್ಲಿಂದ ಚುಕ್ಕಾಣಿಯ ಬೆನ್ನಿನ ಮೇಲೆ ಬಾಗಿ ಇಳಿಯುವ ಬಿಳಿ ಹಗ್ಗದ ಹೆಣಿಗೆಗೆ ಹಂಸದ ಕೊರಳು ಎಂದು ಹೆಸರು. ಕೆಲವರು ಕುದುರೆಯ ಬಾಲವನ್ನೂ ಅಲ್ಲಿ ತೂಗುಬಿಡುತ್ತಿದ್ದರು. ದುಡಿದು ಸತ್ತ ಪ್ರೀತಿಯ ಕುದುರೆಯ ನೆನಪಿಗೆ ಎಂಬ ಮಾತು ದೋಣಿಯವರಲ್ಲಿದೆ. ಇವೆಲ್ಲ ನೀರಿಗಿಂತ ಮೇಲೆ, ನಡೆಸುವವರ ಕಣ್ಣೆದುರಿಗೆ, ಕಲ್ಲಿಗೆ ತಾಗದ ಎತ್ತರದಲ್ಲಿ. ಮೂತಿಯ ಫೆಂಡರನ್ನು ಅವರು ಬಣ್ಣದಿಂದ ಸಿಂಗರಿಸಲು ಹೋಗಲಿಲ್ಲ; ಕೈ ಪಳಗಿದವರು ಅದನ್ನು ಚೆನ್ನಾಗಿ ಹೆಣೆದರು, ಅಷ್ಟೇ. ಎಲ್ಲಿ ಏನು ಸಲ್ಲುತ್ತದೆ ಎಂಬ ಈ ವಿವೇಕವನ್ನು ನಾನು ಗೌರವಿಸುತ್ತೇನೆ.

ಆದ್ದರಿಂದ ನನ್ನ ಸಲಹೆ ಇದು. ಫೆಂಡರ್‌ನ ಮೈ ಒಂದೇ ಬಣ್ಣದ್ದಾಗಿರಲಿ, ತೆಂಗಿನ ನಾರಿನ ಕಂದು ಅಥವಾ ಟಾರಿನ ಕಪ್ಪು. ಪಕ್ಕದ ಫೆಂಡರಿಗೆ ಅಲಂಕಾರ ಬೇಕೆಂದರೆ ದಿಂಡಿನ ಮೇಲ್ತುದಿಯಲ್ಲಿ, ತೂಗುಹಗ್ಗ ಆರಂಭವಾಗುವ ಕೊರಳಿನಲ್ಲಿ, ಒಂದೇ ಒಂದು ಬಿಳಿ ಟರ್ಕ್ಸ್ ಹೆಡ್ ತೊಡಿಸಿ. ಅಲ್ಲಿ ಕಲ್ಲು ತಾಗುವುದಿಲ್ಲ. ಎರಡನೆಯದು ಚುಕ್ಕಾಣಿಯ ಹಿಡಿಗೋಲಿಗೆ. ಅಲ್ಲಿ ಅದು ಚೆಂದಕ್ಕೂ ಆಯಿತು, ಮಳೆಯಲ್ಲಿ ಕೈ ಜಾರದಂತೆ ಹಿಡಿತಕ್ಕೂ ಆಯಿತು. ಹಗ್ಗಕ್ಕೆ ಬಣ್ಣ ಬಳಿಯಬೇಡಿ. ಎಣ್ಣೆಬಣ್ಣ ಒಣಗಿದ ಮೇಲೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬಿರುಸಾಗುತ್ತವೆ, ಬಾಗಿದ ಕಡೆ ಬಿರುಕು ಬಿಡುತ್ತವೆ. ಕುಗ್ಗುವ ಗುಣವೇ ಹೋಗುತ್ತದೆ. ಬಿಳಿ ಹತ್ತಿಯನ್ನು ಬೆಳ್ಳಗೆ ಮಾಡಲು ಬ್ಲೀಚ್ ಹಾಕುವವರಿದ್ದಾರೆ. ಬ್ಲೀಚ್ ಹತ್ತಿಯ ನಾರನ್ನೇ ತಿನ್ನುತ್ತದೆ. ಸಾಬೂನು, ಬ್ರಷ್, ತಾಳ್ಮೆ, ಆಮೇಲೆ ಬಿಸಿಲು, ಇಷ್ಟು ಸಾಕು.

ಟರ್ಕ್ಸ್ ಹೆಡ್ ಕಲಿಯುವುದು ಕಷ್ಟವಲ್ಲ. 5 ಅಥವಾ 6 ಮಿಲಿಮೀಟರ್ ದಪ್ಪದ ಹತ್ತಿ ಹುರಿ ತೆಗೆದುಕೊಳ್ಳಿ. ನಾಲ್ಕು ಬೆರಳುಗಳ ಸುತ್ತ ಸುತ್ತಿ, ಜಡೆ ಹೆಣೆಯುವ ಕ್ರಮದಲ್ಲೇ ಒಂದರ ಮೇಲೆ ಒಂದರ ಕೆಳಗೆ ದಾಟಿಸುತ್ತಾ ಹೋದರೆ ತುದಿ ಮತ್ತೆ ಆರಂಭಕ್ಕೆ ಬಂದು ಸೇರುತ್ತದೆ. ಅಲ್ಲಿಂದ ಅದೇ ದಾರಿಯನ್ನು ಹಿಡಿದು ಇನ್ನೂ ಎರಡು ಸುತ್ತು ಹಿಂಬಾಲಿಸಬೇಕು; ಆಗ ಪ್ರತಿ ಎಳೆಯೂ ಮೂರು ಸಾಲಿನದಾಗುತ್ತದೆ. ಎಲ್ಲರೂ ಎಡವುವುದು ಬಿಗಿಯುವಾಗ. ಒಂದೇ ಕಡೆ ಎಳೆದರೆ ಗಂಟು ಸೊಟ್ಟಗಾಗುತ್ತದೆ. ಆರಂಭದಿಂದ ಕೊನೆಯವರೆಗೆ ಸಡಿಲವನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳುತ್ತಾ ಹಲವು ಸುತ್ತು ಬರಬೇಕು. ಕೊನೆಗೆ ನೀರು ಚಿಮುಕಿಸಿ. ಹತ್ತಿ ನೆನೆದಾಗ ಕುಗ್ಗಿ ಇನ್ನಷ್ಟು ಬಿಗಿಯಾಗುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಮೂರನ್ನು ಇಲ್ಲಿ ಬರೆಯುವುದು ಅಗತ್ಯ ಅನ್ನಿಸಿತು.

ಉಡುಪಿ ಕಡೆಯ ಹಿರಿಯರೊಬ್ಬರು ಕೇಳಿದರು: "ನಮ್ಮ ಮಲ್ಪೆ ಬಂದರಿನಲ್ಲಿ ಮೀನುಗಾರಿಕೆ ದೋಣಿಗಳಿಗೆ ಹಳೆಯ ಟೈರು ಕಟ್ಟುತ್ತಾರೆ. ಅದೇ ಸಾಲದೇ? ಇಷ್ಟೆಲ್ಲ ಹೆಣೆಯುವುದು ಏಕೆ?" ಮಲ್ಪೆಯಲ್ಲಿ ಅದು ಸರಿಯಾದ ಆಯ್ಕೆ ಎಂದೇ ನಾನು ಉತ್ತರಿಸಿದೆ. ಅಲ್ಲಿ ಅಲೆಗಳ ಹೊಯ್ದಾಟದಲ್ಲಿ ದೋಣಿಗಳು ಒಂದಕ್ಕೊಂದು ಒತ್ತೊತ್ತಾಗಿ ನಿಲ್ಲಬೇಕು, ಟೈರಿನಷ್ಟು ದಪ್ಪವೂ ಬೇಕು, ಜಾಗವೂ ಇದೆ. ಇಲ್ಲಿಯ ಕಾಲುವೆಯ ನೀರು ಬಹುಪಾಲು ಕಡೆ ಆಳವೇ ಇಲ್ಲ. ಕಳಚಿ ಬಿದ್ದ ಟೈರು ತಳದಲ್ಲಿ ಕೂತು ಪ್ರೊಪೆಲ್ಲರಿಗೆ ಸಿಗುತ್ತದೆ, ಇಲ್ಲವೇ ಲಾಕ್‌ನ ಬಾಗಿಲಿನ ಹಿಂದೆ ಸೇರಿಕೊಂಡು ಬಾಗಿಲು ಪೂರ್ತಿ ತೆರೆಯದಂತೆ ಮಾಡುತ್ತದೆ. ಕಪ್ಪು ರಬ್ಬರು ಬಣ್ಣದ ಮೈಮೇಲೆ ಗುರುತನ್ನೂ ಬಿಡುತ್ತದೆ. ಟೈರನ್ನು ತುಂಡು ಮಾಡಿ ಫೆಂಡರ್‌ನ ಒಳಗೆ ತುಂಬಿ, ಹೊರಗೆ ಹಗ್ಗ ಹೊದಿಸುವವರಿದ್ದಾರೆ. ಅದಕ್ಕೆ ನನ್ನ ಆಕ್ಷೇಪವಿಲ್ಲ.

ಸ್ವಂತ ದೋಣಿ ಕೊಳ್ಳಲು ಯೋಚಿಸುತ್ತಿರುವ ದಂಪತಿ, ಕೊಳ್ಳುವುದು ಮೇಲೋ ತಾವೇ ಕಟ್ಟುವುದು ಮೇಲೋ ಎಂದರು. ಮೂತಿಯದನ್ನೂ ಹಿಂಭಾಗದ್ದನ್ನೂ ಪಳಗಿದ ಕೈಯಿಂದ ಕೊಳ್ಳಿ ಎಂದೆ. ಅವುಗಳ ಮೇಲೆ ದೋಣಿಯ ಕ್ಷೇಮ ನಿಂತಿದೆ. ಪಕ್ಕದವನ್ನು ನೀವೇ ಕಟ್ಟಿ. ಕೆಟ್ಟರೆ ಬಿಚ್ಚಿ ಮತ್ತೆ ಕಟ್ಟಬಹುದು, ಹಗ್ಗ ವ್ಯರ್ಥವಾಗುವುದಿಲ್ಲ. ಕಲಿಯಲು ಆಸೆಯಿದ್ದರೆ ಜೂನ್‌ನಲ್ಲಿ ಬ್ರೌನ್‌ಸ್ಟನ್ನಿನಲ್ಲಿ ಹಳೆಯ ದೋಣಿಗಳ ಮೇಳ ನಡೆಯುತ್ತದೆ, ಸ್ಟೋಕ್ ಬ್ರೂಅರ್ನ್‌ನಲ್ಲಿಯೂ ಎಲ್ಸ್‌ಮಿಯರ್ ಪೋರ್ಟ್‌ನಲ್ಲಿಯೂ ಕಾಲುವೆ ವಸ್ತುಸಂಗ್ರಹಾಲಯಗಳಿವೆ. ಅಲ್ಲಿಗೆ ಹೋದಾಗ ಹಂಸದ ಕೊರಳನ್ನು ಮುಂದಿನಿಂದ ನೋಡಿ ಬಂದುಬಿಡಬೇಡಿ. ಬಗ್ಗಿ ಹಿಂಬದಿಯನ್ನು ನೋಡಿ. ಗಂಟು ಹೇಗೆ ಆರಂಭವಾಯಿತು, ತುದಿಗಳನ್ನು ಎಲ್ಲಿ ಅಡಗಿಸಿದ್ದಾರೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಕೊನೆಯ ಪ್ರಶ್ನೆ ಒಬ್ಬ ಹುಡುಗಿಯದು. ನವೆಂಬರಿನಲ್ಲಿ ರಾಜ್ಯೋತ್ಸವದ ಹೊತ್ತಿಗೆ ಅವಳ ಮನೆಯವರು ಬಾಡಿಗೆ ದೋಣಿಯಲ್ಲಿ ಹೋಗುವವರಿದ್ದಾರಂತೆ. ಹಳದಿ, ಕೆಂಪು ಬಣ್ಣದ ಫೆಂಡರ್ ಮಾಡಬಹುದೇ ಎಂದು ಕೇಳಿದಳು. ಖಂಡಿತ ಬಣ್ಣ ಬಳಸಮ್ಮ, ಫೆಂಡರಿಗೆ ಮಾತ್ರ ಬೇಡ ಎಂದೆ. ಹಳದಿಯದೊಂದು, ಕೆಂಪಿನದೊಂದು ಟರ್ಕ್ಸ್ ಹೆಡ್ ಕಟ್ಟಿ ಚಾವಣಿಯ ಮೇಲಿಡುವ ಉದ್ದ ಹಿಡಿಯ ಮಾಪ್‌ಗೆ ತೊಡಿಸು. ಬಾಡಿಗೆ ದೋಣಿಯ ಯಾವ ಭಾಗಕ್ಕೂ ಕೈ ಹಚ್ಚಿದಂತಾಗುವುದಿಲ್ಲ, ಹಿಂತಿರುಗಿಸುವಾಗ ಜಾರಿಸಿ ತೆಗೆದುಕೊಳ್ಳಬಹುದು. ಹುರಿಯನ್ನು ಕಟ್ಟುವ ಮೊದಲೇ ನೀರಿನಲ್ಲಿ ನೆನೆಸಿ, ಬಣ್ಣ ಬಿಡುವುದು ನಿಲ್ಲುವವರೆಗೂ ತೊಳೆದುಕೋ. ಇಲ್ಲದಿದ್ದರೆ ಮೊದಲ ಮಳೆಗೇ ಕೆಂಪು ಹಳದಿಯ ಮೇಲೆ ಇಳಿಯುತ್ತದೆ. ಎಷ್ಟು ಉದ್ದದ ಹುರಿ ಬೇಕು ಎಂದು ಅವಳು ಮತ್ತೆ ಕೇಳಿದಳು. ಮಾಪ್‌ನ ಹಿಡಿಗಾದರೆ ಒಂದೊಂದು ಬಣ್ಣದ್ದೂ ಮೂರು ಮೀಟರ್ ತೆಗೆದುಕೋ, ಉಳಿದರೆ ಕತ್ತರಿಸಬಹುದು.